ಬಿಟ್ಟ ಸಾಲು

ಮೊಬೈಲಿನಿಂದ ಅತ್ತೆ ಶಾರದಾಬಾಯಿಯ ಅಳು ಕ್ಲಾಸಿನ ತುಂಬ ಕೇಳುತ್ತಿದ್ದಾಗ ರಶ್ಮಿ ಎದುರಿಗಿದ್ದ ಮುಖಗಳನ್ನೇ ನೋಡುತ್ತಿದ್ದಳು. ಮಾದಾಪುರದ ಆಫೀಸುಗಳಲ್ಲಿ ವಾರವೆಲ್ಲ ದುಡಿದು, ಶನಿವಾರ ಭಾನುವಾರ ತೌಲನಿಕ ಸಾಹಿತ್ಯ ಓದಲು ಯೂನಿವರ್ಸಿಟಿಗೆ ಬರುವ ಹುಡುಗ ಹುಡುಗಿಯರು ಅವರು. ನಲವತ್ತು ದಾಟಿದವಳೆಂದರೆ ಇವಳೊಬ್ಬಳೇ. ಮೊದಲ ವರ್ಷವೆಲ್ಲ ಹಿಂದಿನ ಬೆಂಚಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದವಳ ಕಡೆಗೆ ಇವತ್ತು ಎಲ್ಲರ ಕಣ್ಣೂ ಇತ್ತು. ಸುಳ್ಳೇಕೆ, ಆ ಗಳಿಗೆಯಲ್ಲಿ ಅವಳಿಗೆ ಹೆಮ್ಮೆಯೇ ಆಗಿತ್ತು.

ಎರಡು ಭಾಷೆಗಳ ಶೋಕದ ಹಾಡುಗಳನ್ನು ಹೋಲಿಸಿ ಬರೆಯಿರಿ ಎಂದಿದ್ದರು ಪಾಠ ಹೇಳುವ ವನಜಾ ಮೇಡಂ. ತೆಲುಗಿನ ಹಾಡು ಪಕ್ಕದ ಮನೆಯ ಅಜ್ಜಿಯಿಂದ ಸಿಕ್ಕಿತು. ಕನ್ನಡದ್ದು ಮೊಬೈಲಿನಲ್ಲಿ ಮೊದಲೇ ಇತ್ತು. ಹಿಂದಿನ ವರ್ಷ ಜಹೀರಾಬಾದಿನಲ್ಲಿ ಅತ್ತೆ ಶಾರದಾಬಾಯಿಯ ತಂಗಿ ಭವಾನಿ ತೀರಿಕೊಂಡಿದ್ದಳು. ಅವರ ಕಡೆಯ ಹೆಂಗಸರು ಬರೇ ಅಳುವುದಿಲ್ಲ. ಸತ್ತವರ ಗದ್ದ ಹಿಡಿದು, ಹೆಸರು ಕೂಗಿ, ಬದುಕಿನಲ್ಲಿ ಏನು ಕೊಟ್ಟೆ, ಏನು ಕೊಡದೆ ಹೋದೆ ಎಂಬುದನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಇಂಥ ಅಳುವೂ ಸಾಹಿತ್ಯವೇ ಎಂದು ಮೇಡಂ ಕ್ಲಾಸಿನಲ್ಲಿ ಹೇಳಿದ್ದು ಅದೇ ವಾರ. ಅತ್ತೆಯ ಬೆನ್ನ ಹಿಂದೆ ಕೂತು, ಸೆರಗಿನೊಳಗೆ ಮೊಬೈಲು ಹಿಡಿದುಕೊಂಡು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡಳು. ಬಗ್ಗಿ ಕೂತ ಅವಳನ್ನು ನೋಡಿದವರು ಸೊಸೆಯೂ ಅಳುತ್ತಿದ್ದಾಳೆ ಅಂದುಕೊಂಡರು.

ಪ್ರಬಂಧದಲ್ಲಿ ಹಾಡಿದವರ ಹೆಸರು, ಊರು, ವಯಸ್ಸು ಎಲ್ಲ ಬರೆದಿದ್ದಳು. ತನಗೆ ಅತ್ತೆಯಾಗಬೇಕು ಎಂದು ಮಾತ್ರ ಬರೆದಿರಲಿಲ್ಲ. ಅನುವಾದದಲ್ಲಿ ಒಂದು ಸಾಲನ್ನೂ ಬಿಟ್ಟಿದ್ದಳು. ಈ ತೆಲುಗು ಊರಿನ ಕ್ಲಾಸಿನಲ್ಲಿ ಕನ್ನಡ ಬಲ್ಲವರು ಯಾರಿದ್ದಾರೆ ಎಂಬ ಧೈರ್ಯ.

ಆಗ ನಚಿಕೇತ ಎಂಬ ಹುಡುಗ ಕೈ ಎತ್ತಿದ. ಇಷ್ಟು ದಿನ ಅವನ ಬಾಯಲ್ಲಿ ತೆಲುಗು, ಇಂಗ್ಲಿಷು ಬಿಟ್ಟು ಬೇರೆ ಏನೂ ಕೇಳಿರಲಿಲ್ಲ.

"ನಡುವ ಒಂದು ಸಾಲು ಬಿಟ್ಟೀರಲ್ರಿ ಅಕ್ಕಾ," ಎಂದ. ಪಾಪ, ತನ್ನ ಮನೆಯ ಭಾಷೆ ಕ್ಲಾಸಿನಲ್ಲಿ ಕಿವಿಗೆ ಬಿತ್ತಲ್ಲ ಎಂದು ಅವನ ಮುಖ ಅರಳಿತ್ತು.

ವನಜಾ ಮೇಡಂ ಮತ್ತೊಮ್ಮೆ ಕೇಳಿಸಲು ಹೇಳಿದರು. ರಶ್ಮಿ ಕೇಳಿಸಿದಳು. "ದವಾಖಾನಿಗಿ ತೋರ್ಸಕ್ಕಾ, ನಿನ್ನ ಮನ್ಯಾಗ ನಾಕ ದಿನ ಇರ್ತೀನಿ ಅಂದಿದ್ದಿಯಲ್ಲ ತಂಗೆವ್ವಾ... ಸೊಸಿ ಓದಾಕತ್ತಾಳ, ಈಗ ಬರಬ್ಯಾಡ ಅಂದೆನಲ್ಲ ನನ್ನವ್ವಾ..."

ನಚಿಕೇತ ಅದನ್ನು ಇಂಗ್ಲಿಷಿನಲ್ಲಿ ಹೇಳಿದ. ಕ್ಲಾಸಿನಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಇಡೀ ಹಾಡಿನ ಜೀವ ಇರುವುದೇ ಈ ಸಾಲಿನಲ್ಲಿ ಎಂದರು ಮೇಡಂ. ಆ ಸೊಸೆಯದು ಎಂಥ ಕಲ್ಲು ಮನಸ್ಸು ಎಂದಳು ಒಬ್ಬ ಹುಡುಗಿ. ಆಕೆಗೆ ಈ ವಿಷಯ ಗೊತ್ತೇ ಇರಲಿಕ್ಕಿಲ್ಲ ಎಂದು ಇನ್ನೊಬ್ಬ ವಾದಿಸಿದ. ಕೊನೆಗೆ ಮೇಡಂ ರಶ್ಮಿಯ ಕಡೆ ತಿರುಗಿ, ಆ ಸೊಸೆಯನ್ನು ಮಾತಾಡಿಸಿದಿರಾ ಎಂದು ಕೇಳಿದರು.

"ಇಲ್ಲ ಮೇಡಂ," ಎಂದಳು ರಶ್ಮಿ. "ಆಕೆ ಊರಲ್ಲಿರಲಿಲ್ಲ."

ಛೆ, ಮುಂದಿನ ಸಲ ತಪ್ಪದೆ ಮಾತಾಡಿಸಿ ಎಂದರು ಮೇಡಂ. ಪ್ರಬಂಧವನ್ನು ಬಹಳ ಹೊಗಳಿದರು.

ದಿಲ್‌ಸುಖ್‌ನಗರದ ಕಡೆ ಹೋಗುವ ಮೆಟ್ರೋದಲ್ಲಿ ಕೂತಾಗ ರಶ್ಮಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಈ ವಯಸ್ಸಿನಲ್ಲಿ ಇದೆಂಥ ಓದು ಎಂದು ಗಂಡ ಕಲ್ಲೇಶ ಗೊಣಗಿದಾಗ, ಓದಲಿ ಬಿಡು, ಮನೆ ನಾನು ನೋಡಿಕೊಳ್ಳುತ್ತೇನೆ ಎಂದವಳು ಇದೇ ಅತ್ತೆ. ನನ್ನನ್ನು ಯಾರೂ ಕೇಳಲೇ ಇಲ್ಲವಲ್ಲ, ಕೇಳಿದ್ದರೆ ಚಿಕ್ಕತ್ತೆಯನ್ನು ಬೇಡ ಅನ್ನುತ್ತಿದ್ದೆನೇ ಎಂದು ತನಗೆ ತಾನೇ ಹೇಳಿಕೊಂಡಳು. ಬೇಡ ಅನ್ನುತ್ತಿರಲಿಲ್ಲ, ನಿಜ. ಮುಖ ಸಿಂಡರಿಸುತ್ತಿದ್ದಳು. ಅತ್ತೆಗೆ ಅಷ್ಟು ಸಾಕಿತ್ತು. ಏನೇ ಆಗಲಿ, ಇವತ್ತು ಎಲ್ಲ ಹೇಳಿ ಕಾಲು ಹಿಡಿದುಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೇ ಮನೆಯ ಮೆಟ್ಟಿಲು ಹತ್ತಿದಳು.

ಅಡುಗೆಮನೆಯಲ್ಲಿ ಶಾರದಾಬಾಯಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಒತ್ತಿ ಹಿಡಿದು ರೊಟ್ಟಿ ಬಡಿಯುತ್ತಿದ್ದಳು. ಆ ಕಡೆ ಭವಾನಿಯ ಮಗ ಉಪೇಂದ್ರ. ಮುಂದಿನ ಭಾನುವಾರ ತಾಯಿಯ ವರ್ಷದ ಕಾರ್ಯ ಇಟ್ಟುಕೊಂಡಿದ್ದ. ದೊಡ್ಡವ್ವ ಬರಲೇಬೇಕೆಂದು ಹಟ ಮಾಡುತ್ತಿದ್ದ.

"ಆಗಂಗಿಲ್ಲಪ್ಪ," ಎಂದಳು ಶಾರದಾಬಾಯಿ. "ಮನ್ಯಾಗ ಕೆಲಸ ಭಾಳ ಐತಿ."

ಫೋನು ಇಟ್ಟ ಮೇಲೆ ರಶ್ಮಿ ಬಾಗಿಲಲ್ಲೇ ನಿಂತು ಕೇಳಿದಳು. "ಯಾಕ್ರಿ ಅತ್ತಿ, ಹೋಗಿ ಬರ್ರಿ."

"ಅವತ್ತ ನಿನ್ನ ಪರೀಕ್ಷಿ ಐತಲ್ಲ ಯವ್ವಾ."

ಪರೀಕ್ಷೆ ಹಾಳಾಗಿ ಹೋಗಲಿ, ನೀವು ಹೋಗಲೇಬೇಕು ಅನ್ನಬೇಕಿತ್ತು. ಮೆಟ್ರೋದಲ್ಲಿ ಜೋಡಿಸಿಟ್ಟುಕೊಂಡ ಮಾತುಗಳೆಲ್ಲ ನಾಲಿಗೆಯ ತುದಿಗೇ ಬಂದಿದ್ದವು. ಆದರೆ ಅವಕ್ಕಿಂತ ಮೊದಲು, ಸದ್ಯ, ಆ ದಿನ ಅಡುಗೆಯ ಚಿಂತೆ ಇಲ್ಲ ಎಂಬ ನಿರಾಳ ಎದೆಯಲ್ಲಿ ಹಾದುಹೋಯಿತು. ಅದು ಬಂದದ್ದು ರಶ್ಮಿಗೆ ಸ್ಪಷ್ಟವಾಗಿ ತಿಳಿಯಿತು. ಚೀಲ ಮೂಲೆಗಿಟ್ಟು, ಕೈ ತೊಳೆದು ಬಂದು ಕೂತಳು.

ಶಾರದಾಬಾಯಿ ಉತ್ತರಕ್ಕೆ ಕಾಯುತ್ತಿರಲಿಲ್ಲ. ತಾಟಿಗೆ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿ ಸೊಸೆಯ ಮುಂದೆ ಸರಿಸಿ, ಸೆರಗಿನಿಂದ ಹಣೆ ಒರೆಸಿಕೊಂಡು ಎದುರಿಗೆ ಕೂತಳು.

"ಇವತ್ತ ಏನ ಹೇಳಿಕೊಟ್ರು?" ಎಂದು ಕೇಳಿದಳು.

ರಶ್ಮಿ ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡಳು. ತುತ್ತು ದೊಡ್ಡದಿತ್ತು. ಅದನ್ನು ಅಗಿಯುತ್ತಲೇ ಇದ್ದಳು.