ಎಳ್ಳುಕಾಳಿನಷ್ಟು ದೋಣಿ

ಮಾವನಿಗೆ ನಾನೊಂದು ಮಾತು ಕೊಟ್ಟಿದ್ದೆ. ಆಗಿನ್ನೂ ಮದುವೆಯಾದ ಹೊಸತು. ಮಕ್ಕಳ ಪುಸ್ತಕಗಳಿಗೆ ಮುಖಪುಟ ಬರೆಯುವ ಕೆಲಸದಿಂದ ನಿವೃತ್ತರಾದ ಅವರು, ಪ್ರಕಾಶನದ ತಮ್ಮ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿ ಹೊರಟಿದ್ದರು. ಬಾಗಿಲ ಹತ್ತಿರ ನಿಂತು, "ಬೇರೆ ಯಾವುದನ್ನ ಏನು ಬೇಕಾದ್ರೂ ಮಾಡ್ಕೊ. ದೋಣಿಗೆ ಮಾತ್ರ ಕೈ ಹಚ್ಚಬೇಡ," ಎಂದರು.

"ನಾನಿರೋ ತನಕ ಯಾರೂ ಹಚ್ಚಲ್ಲ ಮಾವ," ಎಂದೆ.

ದೋಣಿ ಎಂದರೆ ನಮ್ಮ ಪ್ರಕಾಶನದ ಹಳೆಯ ಪುಸ್ತಕ; ಅಪ್ಪನನ್ನು ಹುಡುಕಿಕೊಂಡು ಒಬ್ಬಳೇ ಸಮುದ್ರಕ್ಕಿಳಿಯುವ ಹುಡುಗಿಯ ಕತೆ. ಅಜ್ಜಿಯರು ಓದಿ ಮೊಮ್ಮಕ್ಕಳಿಗೆ ಕೊಟ್ಟ ಪುಸ್ತಕ. ಮಾವನ ಮುಖಪುಟದ ತುಂಬ ಕಡುನೀಲಿ ಸಮುದ್ರ. ಕೆಳಗೆ ಒಂದು ಮೂಲೆಯಲ್ಲಿ ಎಳ್ಳುಕಾಳಿನಷ್ಟು ದೋಣಿ, ಅದರೊಳಗೆ ಕುಂಚದ ತುದಿ ತಾಗಿಸಿದಷ್ಟೇ ಹುಡುಗಿ. ಅವಳಿಗೆ ಮುಖವಿಲ್ಲ. ಆ ನೀಲಿಯನ್ನು ಮಾವ ಪದರದ ಮೇಲೆ ಪದರ ಹಚ್ಚಿದ್ದರಂತೆ. "ಆಗ ಇವರು ಮುಟ್ಟಿದ ತಟ್ಟೆ ಲೋಟವೆಲ್ಲ ನೀಲಿ," ಎಂದು ಅತ್ತೆ ಬದುಕಿದ್ದಾಗ ನಗುತ್ತಿದ್ದರು.

ನಮ್ಮ ಮಾರಾಟ ವಿಭಾಗದ ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಹೆಬ್ಬೆಟ್ಟು. ಯಾವ ಮುಖಪುಟ ಕೊಟ್ಟರೂ ಫೋನಿನಲ್ಲಿ ಹೆಬ್ಬೆಟ್ಟಿನ ಉಗುರಿನಷ್ಟು ಚಿಕ್ಕದು ಮಾಡಿ, ಕೈ ಚಾಚಿ ಹಿಡಿದು, "ಏನ್ ಕಾಣತ್ತೆ?" ಎನ್ನುತ್ತಾರೆ. ಜನ ಈಗ ಪುಸ್ತಕ ಕೊಳ್ಳುವುದು ಫೋನಿನಲ್ಲಿ, ಆ ಅಳತೆಯಲ್ಲೇ ನೋಡಿ. ಅಲ್ಲವೆನ್ನಲು ನನಗೆ ಬಾಯಿಲ್ಲ; ಮಗಳಿಗೆ ನಾನು ಶೂ ಕೊಳ್ಳುವುದೂ ಹಾಗೆಯೇ.

ದೋಣಿ ಪುಸ್ತಕದ ಹೊಸ ಮುದ್ರಣಕ್ಕೆ ಸಭೆ ಸೇರಿದಾಗ ಫೋನು ನನ್ನ ಮೂಗಿನ ಮುಂದೆ ಬಂತು.

"ಏನ್ ಕಾಣತ್ತೆ ಮೇಡಂ?"

"ಸಮುದ್ರ."

"ನಿಮಗೆ ಗೊತ್ತು, ಅದಕ್ಕೇ ಸಮುದ್ರ. ನನಗೆ ಬಚ್ಚಲುಮನೆ ಟೈಲ್ಸು."

ಎಲ್ಲರೂ ನಕ್ಕರು. ಹಾಳಾದ್ದು, ನನಗೂ ನಗು ಬಂದುಬಿಟ್ಟಿತು.

"ಇದೊಂದನ್ನ ಬಿಟ್ಬಿಡಿ ಸರ್."

"ಬಿಟ್ರೆ ಮೇಲಿನವರು ಪುಸ್ತಕಾನೇ ನಿಲ್ಲಿಸ್ತಾರೆ. ನೀವೇ ಮಾಡ್ತೀರೋ, ಹೊರಗಿನವರಿಗೆ ಕೊಡಲೋ?"

ಹೊರಗಿನವರ ಕೈಗೆ ಹೋದರೆ ಏನೂ ಉಳಿಯುವುದಿಲ್ಲವೆಂದು ನಾನೇ ಒಪ್ಪಿಕೊಂಡೆ. ದೋಣಿಯನ್ನು ಕಡಲೆಕಾಳಿನಷ್ಟು ಮಾಡಿದೆ. "ಇನ್ನೊಂಚೂರು," ಎಂದರು ಹೆಬ್ಬೆಟ್ಟು. ಬೆಂಕಿಪೊಟ್ಟಣದಷ್ಟು ಮಾಡಿದೆ. "ಇನ್ನೊಂಚೂರು ಮೇಡಂ, ಜಿಪುಣತನ ಯಾಕೆ?" ಅಂಗೈಯಷ್ಟಾದಾಗ ಹುಡುಗಿಗೆ ಮುಖ ಬೇಕಾಯಿತು. ಕಣ್ಣು ಮೂಗು ಬರೆದೆ. "ಅಳುಮುಂಜೀನ ಯಾರು ಮನೆಗೆ ಕರ್ಕೊಂಡು ಹೋಗ್ತಾರೆ?" ಎಂದರು. ನಗಿಸಿದೆ. ಅಷ್ಟರಲ್ಲಿ ಸಮುದ್ರ ಮೇಲ್ತುದಿಯಲ್ಲಿ ಎರಡು ಬೆರಳಗಲದ ಪಟ್ಟಿಯಾಗಿತ್ತು. ಪ್ರತಿಸಲವೂ ಒಂಚೂರು ತಾನೇ ಎಂದುಕೊಂಡೆ; ಎಲ್ಲಿ ನಿಲ್ಲಬೇಕಿತ್ತೋ ಈಗಲೂ ತಿಳಿಯದು.

ಆ ಪಟ್ಟಿಯಾದರೂ ಮಾವನ ನೀಲಿ. ಹಿಂದಿನ ರಟ್ಟಿನ ಮೇಲೆ ಮುಖಪುಟದ ಕಲಾವಿದರೆಂದು ಅವರ ಹೆಸರನ್ನೇ ಉಳಿಸಿದೆ. ನನ್ನ ಹೆಸರು ಹಾಕಿಕೊಂಡರೆ ಅವರನ್ನೇ ಒರೆಸಿಹಾಕಿದಂತೆ ಅನಿಸಿತ್ತು.

ಅಚ್ಚಾದ ಪ್ರತಿಯನ್ನು ಚೀಲದಲ್ಲಿ ಮನೆಗೆ ತಂದೆ. ಊಟವಾದ ಮೇಲೆ ಮೆಲ್ಲಗೆ ಹೇಳೋಣವೆಂದಿದ್ದೆ. ಚೀಲದಲ್ಲಿ ತಿಂಡಿ ಹುಡುಕುತ್ತಿದ್ದ ಮಗಳು ಅದನ್ನು ಹೊರಗೆಳೆದಳು.

"ತಾತಾ, ನಿನ್ ಪುಸ್ತಕ! ಹುಡುಗಿ ನಗ್ತಿದಾಳೆ ನೋಡು!"

ಮಾವನ ಕಣ್ಣು ಈಗ ಮಂಜು. ಕಿಟಕಿಯ ಬೆಳಕಿಗೆ ಹೋಗಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಸಮುದ್ರ ಎಲ್ಲಮ್ಮಾ?"

"ಮೇಲ್ಗಡೆ ಇದೆ ಮಾವ. ಸ್ವಲ್ಪ."

"ಇದೇ ಚೆನ್ನಾಗಿದೆ ತಾತ. ಹಳೇದ್ರಲ್ಲಿ ಅವಳು ಕಾಣ್ತಾನೇ ಇರ್ಲಿಲ್ಲ," ಎಂದಳು ಮಗಳು.

"ಕಾಣಬಾರದು ಅಂತಲೇ ಅಲ್ವೇನೇ ಕತ್ತೆ," ಎಂದು ಮಾವ ಅವಳ ಜಡೆ ಎಳೆದರು. ನನ್ನ ಕಡೆ ತಿರುಗಿದಾಗಲೂ ಸಿಟ್ಟಿರಲಿಲ್ಲ. "ಹೋಗ್ಲಿ ಬಿಡು. ಹೊಟ್ಟೆಪಾಡು. ಹೆಸರು ಯಾರದು ಹಾಕಿದೀರಿ?"

"ನಿಮ್ಮದೇ."

ಅವರು ಪುಸ್ತಕ ತಿರುಗಿಸಿ ಹಿಂದಿನ ರಟ್ಟಿನ ಮೇಲೆ ಬೆರಳಾಡಿಸಿದರು. ಆಮೇಲೆ, "ಇದು ನಾನು ಬರೆದದ್ದಲ್ಲ. ಅದೊಂದು ತೆಗೆಸಿಬಿಡಮ್ಮ," ಎಂದರು.

ಅಡುಗೆಮನೆಗೆ ಹೋಗಿ ಮುದ್ರಣಾಲಯಕ್ಕೆ ಫೋನು ಮಾಡಿದೆ. "ಎಲ್ಲಾ ಲಾರಿ ಹತ್ತಿ ಹೋಯ್ತಲ್ಲಕ್ಕ," ಎಂದ ಅಲ್ಲಿಯ ಮೇಸ್ತ್ರಿ. ಹೆಬ್ಬೆಟ್ಟಿಗೂ ಮಾಡಿದೆ. "ಹೆಸರಿದ್ರೆ ಗೌರವ ಅಲ್ವಾ ಮೇಡಂ? ಖುಷಿಪಡೋದು ಬಿಟ್ಟು!" ಎಂದರು.

ಹೊರಗೆ ಬಂದೆ.

"ಆಯ್ತಾ?" ಎಂದರು ಮಾವ.

"ಇಲ್ಲ ಮಾವ. ಆಗಲ್ವಂತೆ."

"ಹೂಂ."

ದೋಣಿಗೆ ಯಾರೂ ಕೈ ಹಚ್ಚುವುದಿಲ್ಲ ಎಂದಿದ್ದೆ. ಹಚ್ಚಿದವಳು ನಾನೇ. ಕೊಟ್ಟ ಮಾತು ಉಳಿಯಲಿಲ್ಲ.