‘ಇಲ್ಲ’ ಎನ್ನಿಸಿಕೊಂಡ ದಿನ

ನನ್ನ ಅತ್ತೆ ವೆರ್ಲೀನ್ ಎಡಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡೇ ನಡೆಯುತ್ತಾರೆ. ಪೂರ್ವ ಟೆಕ್ಸಸ್ಸಿನ ನಮ್ಮೂರ ಚರ್ಚಿನಲ್ಲಿ ಬಿಳಿ ಕೈಗವಸು ತೊಟ್ಟು ಭಕ್ತರನ್ನು ಬೆಂಚುಗಳಿಗೆ ಕರೆದೊಯ್ಯುವ ಸೇವಕಿಯರಿಗೆ ಅದು ಸಂಪ್ರದಾಯ. ಆದರೆ ಅಂಗಡಿಯಲ್ಲಿ ಜೋಳದ ಹಿಟ್ಟು ಕೊಳ್ಳುವಾಗಲೂ, ನನ್ನ ಮಗುವಿನ ಜ್ವರಕ್ಕೆ ಔಷಧಿ ತರುವಾಗಲೂ, ನ್ಯಾಯಾಲಯದ ಮೊಗಸಾಲೆಯಲ್ಲಿ ಅಲೆಯುವಾಗಲೂ ಅವರದು ಅದೇ ಧೀರಗಂಭೀರ ಗತಿ.

ಅವರ ಮಗ, ನನ್ನ ಗಂಡ ಟೆರೆಲ್, ದರೋಡೆಯ ಅಪರಾಧಿಯೆನಿಸಿ ಜೈಲು ಸೇರಿದ ಮೇಲೆ ನಮ್ಮ ಮಗಳು ಹುಟ್ಟಿದಳು. ದರೋಡೆಕೋರ ಬಿಟ್ಟುಹೋದ ಟೋಪಿಯನ್ನು ಡಿಎನ್‌ಎ ಪರೀಕ್ಷೆಗೆ ಕಳುಹಿಸಿ ಎಂದು ಅವನು ಬರೆದ ಅರ್ಜಿಗೆ ನ್ಯಾಯಾಧೀಶರು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಉಹೂಂ ಎಂದಿದ್ದರೆ ಮೇಲ್ಮನವಿಗಾದರೂ ದಾರಿಯಿತ್ತು. ಮೌನದ ಮೇಲೆ ಮೇಲ್ಮನವಿ ಹೂಡಲಾಗದು. ಹಾಗಾಗಿ ಟೆರೆಲ್ ಮೇಲ್ಮನವಿ ನ್ಯಾಯಾಲಯದಲ್ಲಿ ಪರಮಾದೇಶ ಬೇಡಿದ: ಇಂಥದೇ ತೀರ್ಪು ಬೇಕೆಂದಲ್ಲ, ಏನಾದರೊಂದು ತೀರ್ಪು ಕೊಡುವಂತೆ ಆ ಮಹಾಶಯರಿಗೆ ಆಜ್ಞಾಪಿಸಿ ಎಂದು. ಅರ್ಜಿ ನ್ಯಾಯಾಧೀಶರ ಗಮನಕ್ಕೆ ಬಂದಿರುವುದಕ್ಕೆ ಪುರಾವೆಯಿಲ್ಲವೆಂದು ಮೇಲ್ಮನವಿ ನ್ಯಾಯಾಲಯದವರು ತಳ್ಳಿಹಾಕಿದರು. ತಮ್ಮದೇ ಕಚೇರಿಯಲ್ಲಿ ಧೂಳು ತಿನ್ನುವ ಕಾಗದವನ್ನು ನ್ಯಾಯಾಧೀಶರು ಕಂಡಿದ್ದಾರೆಂದು ಮೈಲಿಗಟ್ಟಲೆ ದೂರದ ಕೈದಿ ರುಜುವಾತು ಮಾಡಬೇಕಂತೆ.

ಅತ್ತೆ ಕೈಗವಸು ತೊಟ್ಟು, ಟೋಪಿಯ ಅರ್ಜಿಯ ಎರಡು ಪ್ರತಿ ಹಿಡಿದು ನ್ಯಾಯಾಧೀಶರ ಕಚೇರಿಗೆ ಹೊರಟರು. ಮಗುವನ್ನೆತ್ತಿಕೊಂಡು ನಾನು ಹಿಂದೆ.

“ಮಿಸ್ ವೆರ್ಲೀನ್, ಸಾಹೇಬ್ರು ಕೆಲಸದಲ್ಲಿದಾರೆ,” ಎಂದಳು ನ್ಯಾಯಾಧೀಶರ ಸಹಾಯಕಿ ಲೊರೆಟ್ಟಾ.

“ಇರ್ಲಿ ಬಿಡವ್ವ. ನಾನು ಅವರನ್ನ ನೋಡಕ್ಕೆ ಬಂದಿಲ್ಲ, ಅವರು ಇದನ್ನ ನೋಡ್ಲಿ ಅಂತ ಬಂದೆ. ಅವರ ಕೈಗೇ ಕೊಟ್ಟೆ ಅಂತ ಇದರ ನಕಲಿನ ಮೇಲೆ ಬರ್ದು ರುಜು ಹಾಕು.”

“ಹಂಗೆಲ್ಲ ಬರ್ಕೊಡೋ ಪದ್ಧತಿ ಇಲ್ಲ.”

“ನಿನ್ನ ಮದುವೇಲಿ ನಿಮ್ಮಪ್ಪನ ಹಳೇ ಹೆಂಡ್ತಿ ಹೊಸ ಹೆಂಡ್ತಿ ಇಬ್ಬರನ್ನೂ ಒಂದೇ ಬೆಂಚಲ್ಲಿ ಕೂರ್ಸೋ ಪದ್ಧತೀನೂ ಇರ್ಲಿಲ್ಲ. ನಾನು ಕೂರ್ಸಿದ್ನೋ ಇಲ್ವೋ?”

ಲೊರೆಟ್ಟಾ ನಗು ನುಂಗಿಕೊಂಡು ಒಳಗೆ ಹೋದಳು. ಬಂದು ರುಜು ಹಾಕಿದಳು.

ಆ ರುಜುವಿನೊಂದಿಗೆ ಎರಡನೆಯ ಬಾರಿ ಪರಮಾದೇಶ ಬೇಡಿದೆವು. ಮೇಲಿನವರು ವಿವರಣೆ ಕೇಳಿದ್ದೇ ತಡ, ಆಜ್ಞೆ ಹೊರಡುವ ಮುನ್ನವೇ, ನ್ಯಾಯಾಧೀಶರು ಒಂದೇ ಸಾಲಿನಲ್ಲಿ ಟೋಪಿಯ ಅರ್ಜಿಯನ್ನು ವಜಾ ಮಾಡಿದರು. ಓದಿ ಹೇಳುತ್ತ ನಾನು ಅತ್ತುಬಿಟ್ಟೆ. ಅತ್ತೆ ಪೀಚ್ ಹಣ್ಣಿನ ಕಾಬ್ಲರ್ ಎಂಬ ಸಿಹಿತಿಂಡಿಯನ್ನು ಒಲೆಗಿಟ್ಟರು.

“ಯಾಕೆ ಅಳ್ತೀಯ, ಮಗಾ? ಕೊನೆಗೂ ಇಲ್ಲ ಅಂದವ್ರೆ. ಇಲ್ಲ ಅಂದ್ಮೇಲೆ ಮೇಲ್ಮನವಿ ಹಾಕ್ಬೋದು. ತಟ್ಟೆ ತಗೊಂಬಾ.”

ದಯೆ ಬೇಡುವವರನ್ನು ಅಧಿಕಾರ ಸುಲಭವಾಗಿ ಸಾಗಹಾಕುತ್ತದೆ. ನಿರಾಕರಣೆಯನ್ನೂ ಹಕ್ಕೆಂದು ಕೇಳುವವರ ಮುಂದೆ ಅದು ತಡವರಿಸುತ್ತದೆ. ಅಂಥ ತಾಯಂದಿರು ಊರೂರಲ್ಲೂ ಇದ್ದಾರೆ, ಜನ ಅವರನ್ನು ಹಟಮಾರಿಗಳೆನ್ನುತ್ತಾರೆ. ಉತ್ತರ ಹೇಳಲೆಂದೇ ಸಂಬಳ ಪಡೆದು ಬಾಯಿ ಬಿಡದೆ ಕುಳಿತವರನ್ನು ಏನೆನ್ನಬೇಕೆಂದು ಮಾತ್ರ ಯಾರೂ ಈವರೆಗೆ ಹೇಳಿಲ್ಲ.