ಮಣೂಕದ ವೈನ್

ಪಟ್ಟಿಯಲ್ಲಿ ಹನ್ನೆರಡು ವೈನುಗಳಿದ್ದವು. ಅದನ್ನು ಬರೆದ ಕಾವ್ಯಾ ಆಗಲಿ, ಬರೆಸಿದ ಗುರುಪಾದಯ್ಯನವರಾಗಲಿ ಒಂದು ಹನಿಯನ್ನೂ ನಾಲಿಗೆಗೆ ಹಚ್ಚಿದವರಲ್ಲ.

ಎಲ್ಲರೂ ಅಯ್ಯಾರು ಎಂದು ಕರೆಯುವ ಗುರುಪಾದಯ್ಯನವರು ಹಣೆತುಂಬ ವಿಭೂತಿ ಧರಿಸುವವರು. ತಿಕೋಟಾದಲ್ಲಿ ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದು, ಒಣಗಿಸಿ, ಮಣೂಕ ಮಾಡಿ ಮಾರಿದ್ದರು. ಇಟ್ಟಂಗಿಹಾಳದಾಚೆ ಕೆರೆದಂಡೆಯ ದಿಬ್ಬದ ಮೇಲೆ ರಿಸಾರ್ಟ್ ಕಟ್ಟಿಸಿದಾಗ ಊಟದ ಜೊತೆ ವೈನೂ ಇರಲಿ ಎಂದು ಅಳಿಯ ಹಟ ಹಿಡಿದ. "ದ್ರಾಕ್ಷೀದ ಐತಲ್ಲ, ಇರಲಿ ಬಿಡು" ಎಂದು ಇವರು ಒಪ್ಪಿದ್ದರು.

ಕಾವ್ಯಾ ಕಳ್ಳಕವಟಗಿಯವಳು, ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದವಳು. ರಿಸಾರ್ಟಿನ ಕೆಲಸದಲ್ಲಿ ಅವಳ ಮೂರು ತಿಂಗಳ ಪರೀಕ್ಷೆಯ ಗಡುವು ಇವತ್ತಿಗೆ ಮುಗಿಯುತ್ತಿತ್ತು. ಪಟ್ಟಿ ಪಾಸಾದರೆ ಕೆಲಸ ಕಾಯಂ. ಇಲ್ಲವಾದರೆ ಮತ್ತೆ ಊರಿಗೆ, ಶೆಡ್ಡಿನಲ್ಲಿ ಕೂತು ಮಣೂಕದ ಕಡ್ಡಿ ಆರಿಸಲು.

ಪಟ್ಟಿ ನೋಡಿ ವರದಿ ಬರೆದುಕೊಡಲು ನಾಶಿಕದಿಂದ ನಂದಾ ಬಾಯಿ ಬಂದಿದ್ದರು. ಹುಟ್ಟಿದ್ದು ಸಾರವಾಡದಲ್ಲಿ, ಈಗ ವೈನಿನ ರುಚಿ ನೋಡುವುದೇ ಅವರ ಉದ್ಯೋಗ. ಕೆರೆಯ ಕಡೆಗಿನ ಪಡಸಾಲೆಯಲ್ಲಿ ಕೂತು ಓದುತ್ತಾ ಹೋದರು. ನಾಲ್ಕನೆಯ ಸಾಲಿಗೆ ಬೆರಳು ನಿಂತಿತು.

"ಮಣೂಕದ ವೈನ್? ಇದ್ಯಾವುದವಾ ತಂಗಿ?"

"ಡ್ರೈ ವೈನ್ ರಿ" ಎಂದಳು ಕಾವ್ಯಾ.

ನಂದಾ ಬಾಯಿ ನಕ್ಕರು. ಮತ್ತೆ ಪಟ್ಟಿ ನೋಡಿ ಇನ್ನೂ ಜೋರಾಗಿ ನಕ್ಕರು. ಒಟ್ಟು ಐದು ಕಡೆ ಹಾಗೇ ಇತ್ತು. ಒಂದರ ಕೆಳಗಂತೂ, 'ನೆರಳಿನಲ್ಲಿ ಹದಿನೈದು ದಿನ ಒಣಗಿಸಿದ ಹಸಿರು ಮಣೂಕದಿಂದ ತಯಾರಿಸಿದ್ದು' ಎಂದು ಬರೆದಿತ್ತು.

"ಒಣದ್ರಾಕ್ಷಿಗೂ ಇದಕ್ಕೂ ಸಂಬಂಧ ಇಲ್ಲ ತಂಗಿ. ರಸ ಹುದುಗು ಬಂದಾಗ ಸಕ್ಕರಿ ಪೂರಾ ತೀರಿ ಹೋಗಿರತೈತಿ. ಸಿಹಿ ಉಳದಿಲ್ಲ ಅನ್ನಾಕ ಡ್ರೈ ಅಂತಾರ, ಅಷ್ಟ."

ಪಕ್ಕದಲ್ಲೇ ಕೂತಿದ್ದ ಅಯ್ಯಾರು ಕುರ್ಚಿಯಲ್ಲೇ ತಿರುಗಿದರು. "ಏನ ಯವ್ವಾ ಇದು? ಎಂ.ಎ. ಓದಿದಾಕಿ ಅಂತ ಬರ್ಯಾಕ ಕೊಟ್ರ, ಮಂದಿ ಮುಂದ ನನ್ನ ಮಾನಾ ಕಳದೇಲಾ!"

ಕಾವ್ಯಾ ಅವರ ಮುಖ ನೋಡಿದಳು. ಮೂರು ವಾರದ ಹಿಂದೆ ಇದೇ ಪಡಸಾಲೆಯಲ್ಲಿ ಡ್ರೈ ಎಂದರೇನು ಎಂದು ಅವಳು ಕೇಳಿದ್ದು ಇವರನ್ನೇ. "ಡ್ರೈ ಅಂದ್ರ ಒಣಗಿದ್ದು. ದ್ರಾಕ್ಷಿ ಒಣಗಿದ್ರ ಮಣೂಕ. ಇಷ್ಟ ತಿಳೀದಿಲ್ಲೇನು, ಕಳ್ಳಕವಟಗ್ಯಾಕಿ ಆಗಿ?" ಎಂದು ಅವಳ ತಲೆಗೆ ಮೆತ್ತಗೆ ಮೊಟಕಿದ್ದರು. ಫೋನಿನಲ್ಲಿ ಹುಡುಕಬಹುದಿತ್ತು. ಆದರೆ ಇಪ್ಪತ್ತು ವರ್ಷ ದ್ರಾಕ್ಷಿ ಕಂಡವರ ಮಾತನ್ನು ಫೋನಿಗೆ ಕೇಳಿ ಖಾತ್ರಿ ಮಾಡಿಕೊಳ್ಳಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ. ಅಯ್ಯಾರಿಗೆ ಅದು ನೆನಪಿಲ್ಲವೋ, ನೆನಪಾಗುವುದು ಬೇಡವೋ, ತಿಳಿಯಲಿಲ್ಲ.

"ತಪ್ಪಾತ್ರಿ" ಎಂದಳು.

ನಂದಾ ಬಾಯಿ ಇನ್ನೂ ಓದುತ್ತಿದ್ದರು. "ಇಲ್ನೋಡು. ಅರೆಹಣ್ಣಾದ ಪೇರಲ, ಹಿಚುಕಿದ ನಿಂಬಿ ಎಲಿ ಅಂತ ಬರದೀ. ಈ ಬಿಳಿ ವೈನಿನ ವಾಸನಿ ಖರೇನ ಹಿಂಗ ಇರತೈತಿ. ಕುಡದ್ ನೋಡಿಯೇನು?"

"ಇಲ್ರಿ. ಬಾಟ್ಲಿ ತಗದಾಗ ಮೂಸಿ ನೋಡೀನಿ."

"ಮೂಗು ಚಲೋ ಐತಿ. ಆದ್ರ ಡ್ರೈ ಅಂದ್ರೇನಂತ ತಿಳೀದಾಕಿ ಪಟ್ಟಿ ಮಾಡ್ಯಾಳ ಅಂತ ನಾ ಬರೀಬೇಕಾಗತೈತಿ. ಬರೀದಿದ್ರ ನಂದು ತಪ್ಪಾಗತೈತಿ. ಯಾರರ ಹೇಳಿದ್ರೇನು ನಿನಗ ಇದನ್ನ?"

ಕಾವ್ಯಾ ಕೆರೆಯ ಕಡೆ ನೋಡಿದಳು. ನೀರಿನ ಮೇಲೆ ಗಾಳಿ ಸಣ್ಣ ಸಣ್ಣ ನಿರಿಗೆ ಹಾಕುತ್ತಿತ್ತು. "ನನಗ ಹಂಗ ಅನಿಸ್ತರಿ."

ನಂದಾ ಬಾಯಿ ಬರೆಯಲು ಬಗ್ಗಿದರು. ಅಯ್ಯಾರು ಎದ್ದು ಕಟಕಟೆಯ ತನಕ ಹೋದರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಹೆಗಲ ಮೇಲಿನ ಟಾವೆಲ್ ತೆಗೆದು ಕೊಡವಿ, ಮತ್ತೆ ಹಾಕಿಕೊಂಡು ಬಂದರು.

"ಬಾಯಾರ, ಅದನ್ನ ಬರೀಬ್ಯಾಡ್ರಿ. ಆ ಮಾತು ನಂದು. ಈಕಿ ಕೇಳಿದ್ಲು, ನಾ ಹೇಳೀನಿ."

ಅಯ್ಯಾರು ಮತ್ತೆ ಕುರ್ಚಿಯಲ್ಲಿ ಕೂತರು.

"ಈಕೀಗಷ್ಟ ಹೇಳೀನಿ ಅಂದ್ರ ಸುಳ್ಳಾಗತೈತಿ. ಹೋದ ಆಯತ್ವಾರ ಸೊಲ್ಲಾಪುರದಾವ್ರು ಬಂದಿದ್ರು, ಅವರಿಗೂ ಹೇಳೀನಿ. ಕುಡದು, ಹೌದ್ರಿ ಅಯ್ಯಾರ, ಮಣೂಕದ್ದ ರುಚಿ ಬರತೈತಿ ಅಂದ್ರು!"

ನಂದಾ ಬಾಯಿಯ ಕೈಯಿಂದ ಪೆನ್ನು ಜಾರಿತು. ನಗು ತಡೆಯಲು ಸೆರಗು ಬಾಯಿಗೆ ಒತ್ತಿಕೊಂಡರು. ಅಯ್ಯಾರು ನಗಲಿಲ್ಲ. ಕಾವ್ಯಾಳ ಕಡೆ ತಿರುಗಿ, ದನಿ ತಗ್ಗಿಸಿ, "ನೀ ಯಾಕ ಬಾಯಿ ಬಿಡಲಿಲ್ಲ ಯವ್ವಾ?" ಎಂದರು.

ಕಾವ್ಯಾ ಬಗ್ಗಿ, ಕೆಳಗೆ ಬಿದ್ದ ಪೆನ್ನು ಎತ್ತಿ ನಂದಾ ಬಾಯಿಯ ಮುಂದಿಟ್ಟಳು.

"ಐದ ಶಬ್ದ ತಿದ್ದಿದ್ರ ಪಟ್ಟಿ ನೆಟ್ಟಗಾಗತೈತಿ" ಎಂದರು ನಂದಾ ಬಾಯಿ. "ಆದ್ರ ಬರೇ ಮೂಗಿನ ಮ್ಯಾಲೆ ನಡ್ಯಾಂಗಿಲ್ಲ. ಈಕಿ ಒಂದೊಂದ ಗುಟುಕು ಬಾಯಾಗ ಹಾಕ್ಕೊಂಡು ಉಗುಳಿ ಕಲೀಬೇಕು. ಹೊಟ್ಟಿಗೆ ಹೋಗಾಂಗಿಲ್ಲ, ಅಂಜಬ್ಯಾಡ್ರಿ. ನಮ್ಮಲ್ಲಿ ಅದಕ್ಕಂತನ ಪೀಕದಾನಿ ಇಟ್ಟಿರತೀವಿ."

ಅಯ್ಯಾರು ಫೋನ್ ತೆಗೆದು ಅಳಿಯನಿಗೆ ಹಚ್ಚಿದರು.

"ನಾಳಿ ವಿಜಯಪುರದಿಂದ ಬರೂ ಮುಂದ ಒಂದ ಪೀಕದಾನಿ ತಗೊಂಡ ಬಾ. ಹಿತ್ತಾಳೀದು, ಚಂದಂದು... ಎರಡು ಯಾಕ ಬೇಕೋ? ನಾ ಎಲ್ಲಿ ಕುಡೀತೀನಿ? ರುಚಿ ಹೆಂಗೈತಿ ಅಂತ ನನಗ ಕಾವ್ಯಾ ಹೇಳ್ತಾಳ."